ಜೆರ್ಸಿ ಇನ್ನೂ ಒಣಗಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫುಟ್‌ಬಾಲ್ ಮೈದಾನದ ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ, ತಲೆ ಬಗ್ಗಿಸದೆ ಒಳಗೆ ಹೋಗಲಾಗದಂಥ ಒಂದು ಕೋಣೆ. ಒಳಗೆ ಅಕ್ಕ ನೀಲಿ ಜೆರ್ಸಿಗಳನ್ನು ಒಂದೊಂದಾಗಿ ಹಿಂಡುತ್ತಿದ್ದಾರೆ. ಹಿಂಡುವುದು, ಕೊಡವುವುದು, ಎಡ ಹೆಗಲ ಮೇಲೆ ಎಸೆದುಕೊಳ್ಳುವುದು. ಹೆಗಲು ತುಂಬಿದ ಮೇಲೆ ಹೊರಗೆ ಬಂದು ತಂತಿಗೆ ಹರವಿ ಕ್ಲಿಪ್ಪು ಸಿಕ್ಕಿಸುವುದು. ಬಾಯಲ್ಲಿ ಮೂರು ಕ್ಲಿಪ್ಪು ಕಚ್ಚಿಕೊಂಡೇ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುವುದರಲ್ಲಿ ಅವರದು ಎತ್ತಿದ ಕೈ. ಇವತ್ತು ಮಾತ್ರ ಬಾಯಲ್ಲಿ ಕ್ಲಿಪ್ಪಿದೆ, ಮಾತಿಲ್ಲ.

ಅದಕ್ಕೆ ಕಾರಣವಿದೆ. ಇವತ್ತು ಬೆಳಗ್ಗೆ ಒಂಬತ್ತೂವರೆಗೆ ಹೆಣ್ಣುಮಕ್ಕಳ ಪಂದ್ಯ. ಅದರಲ್ಲಿ ಎಂಟನೇ ನಂಬರಿನ ನೀಲಿ ಜೆರ್ಸಿ ಹಾಕುವವಳು ಅಕ್ಕನ ಮಗಳು. ನಿಂತಲ್ಲೇ ಗಿರ್‍ರನೆ ತಿರುಗಿ ಎದುರಾಳಿಯನ್ನು ಮರುಳು ಮಾಡುವುದರಿಂದ ಮೈದಾನದಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಬುಗುರಿಯ ಆಟ ನೋಡಲು ದೊಡ್ಡ ಕ್ಲಬ್ಬೊಂದರ ಆಯ್ಕೆಗಾರ್ತಿ ಬರುತ್ತಿದ್ದಾರೆ, ಅದೂ ಎರಡನೇ ಸಲ. ಮೊದಲ ಸಲ ಬಂದಾಗ ಅವರು ಒಂದು ನಿಮಿಷದ ಆಟವನ್ನೂ ನೋಡದೆ ಹಿಂತಿರುಗಿದ್ದರು. ಹಾಗಾಗಲು ಕಾರಣ ಬೇರೆ ಯಾರೂ ಅಲ್ಲ, ಈ ಅಕ್ಕನೇ.

ಮೈದಾನದಲ್ಲಿ ಎಲ್ಲರಿಗೂ ಇವರು ಜೆರ್ಸಿ ಅಕ್ಕ. ಐವತ್ತು ದಾಟಿದೆ. ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಕಟ್ಟುವ ಕೆಲಸಗಾರ. ಇಲ್ಲಿ ಆಡುವ ತಂಡಗಳ ಜೆರ್ಸಿಗಳೆಲ್ಲ ಈ ಕೋಣೆಯಲ್ಲೇ ಇರುತ್ತವೆ. ಮನೆಗೆ ಒಯ್ಯಲು ಬಿಟ್ಟರೆ ಒಂದು ವಾರದಲ್ಲಿ ಅರ್ಧ ತಂಡ ಬಣ್ಣ ತಪ್ಪಿ ಬರುತ್ತದೆ ಎಂದು ಕ್ಲಬ್ಬುಗಳೇ ಮಾಡಿಕೊಂಡ ನಿಯಮ ಅದು. ಕೋಣೆಯ ಬೀಗದ ಕೈ ಅಕ್ಕನ ಸೊಂಟದಲ್ಲಿ. ವಾರದ ಕೊನೆಯಲ್ಲಿ ಸುಮಾರು ನೂರು ಜೆರ್ಸಿ, ಅಷ್ಟೇ ಚಡ್ಡಿ, ಎಣಿಸಲು ಮನಸ್ಸಾಗದಷ್ಟು ಕಾಲುಚೀಲ. ಮೊಣಕೈವರೆಗೆ ಚರ್ಮ ಸದಾ ನೆನೆದು ಸುಕ್ಕುಗಟ್ಟಿರುತ್ತದೆ, ಬೆರಳ ಸಂದುಗಳು ಸೋಪಿಗೆ ಒಡೆದಿವೆ. ಕಾಲುಚೀಲಗಳ ಬಗ್ಗೆ ಮಾತ್ರ ಅವರು ಮುಲಾಜಿಲ್ಲದೆ ಮಾತಾಡುತ್ತಾರೆ. "ಗೋಲು ಹೊಡ್ದು ಬಂದವ್ರದ್ದೂ ಅದೇ ನಾತ, ಗೋಲು ಬಿಟ್ಟು ಬಂದವ್ರದ್ದೂ ಅದೇ ನಾತ. ದೇವ್ರು ಅದೊಂದ್ರಲ್ಲಿ ಎಲ್ಲರನ್ನೂ ಸಮ ಮಾಡಿದಾನೆ" ಎನ್ನುತ್ತಾರೆ.

ಹವಾಮಾನ ಬದಲಾಗಿದೆ ಎಂದು ಇವರಿಗೆ ತಿಳಿದದ್ದು ಬಟ್ಟೆಯಿಂದ. ಮೊದಲು ವರ್ಷದಲ್ಲಿ ಎರಡು ತಿಂಗಳು ಮಾತ್ರ ಜೆರ್ಸಿಯ ಬೆನ್ನ ಮೇಲೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ ಮೂಡುತ್ತಿತ್ತು. ಈಗ ಆ ಗೆರೆ ಹೋಗುವುದೇ ಇಲ್ಲ, ಎರಡು ಸಲ ನೆನೆಸಬೇಕು. "ಮೊದ್ಲು ಸೆಕೆ ಅನ್ನೋದು ಬಂದು ಹೋಗೋ ನೆಂಟ ಇದ್ದ ಹಾಗಿತ್ತು. ಈಗ ಮನೆ ಅಳಿಯ ಆಗಿ ಕೂತ್ಬಿಟ್ಟಿದೆ. ಎಬ್ಸೋ ಹಾಗೂ ಇಲ್ಲ, ಬೈಯೋ ಹಾಗೂ ಇಲ್ಲ" ಎಂದು ನಗುತ್ತಾರೆ. ರಾತ್ರಿಯೂ ಬಿಸಿ ಇಳಿಯದೆ ನಿದ್ದೆಗೆಟ್ಟ ಹುಡುಗಿಯರು ಬೆಳಗ್ಗೆ ಕೆಂಪು ಕಣ್ಣು ಮಾಡಿಕೊಂಡು ಜೆರ್ಸಿ ಇಸಿದುಕೊಳ್ಳಲು ಬರುವುದನ್ನು ಅವರು ದಿನವೂ ನೋಡುತ್ತಾರೆ.

ಕೋಣೆಯ ಮೂಲೆಯಲ್ಲಿ ಎರಡು ತೊಟ್ಟಿಗಳಿವೆ. ಒಂದರಲ್ಲಿ ಬಟ್ಟೆ ನೆನೆಯುತ್ತದೆ. ಇನ್ನೊಂದು ಆಳವಾದದ್ದು, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಉದ್ದದ್ದು. ಅದಕ್ಕೆ ಬಟ್ಟೆ ಹಾಕುವಂತಿಲ್ಲ, ಬಾಟಲಿ ಇಡುವಂತಿಲ್ಲ, ಕೈ ತೊಳೆಯುವಂತಿಲ್ಲ. ಪಂದ್ಯವಿದ್ದ ದಿನ ಅದರಲ್ಲಿ ಬರೀ ನೀರು ಮತ್ತು ಮಂಜುಗಡ್ಡೆ. ಆ ತೊಟ್ಟಿಯ ಕತೆ ಹೇಳಬೇಕಾದರೆ ಮೀಸೆಯಿಂದ ಶುರು ಮಾಡಬೇಕು.

ಮೀಸೆ ಎಂದರೆ ಮೂರು ವರ್ಷದ ಹಿಂದೆ ಗಂಡಸರ ತಂಡದಲ್ಲಿ ಆಡುತ್ತಿದ್ದವನು. ಮುಖಕ್ಕಿಂತ ಮೀಸೆಯೇ ಮೊದಲು ಕಾಣುವುದರಿಂದ ಆ ಹೆಸರು. ಒಂದು ಪಂದ್ಯದ ಮಧ್ಯೆ ಅವನು ತೂರಾಡತೊಡಗಿದ. ರೆಫರಿಯನ್ನು ಹಿಡಿದುಕೊಂಡು, "ಭಾವಾ, ತಂಗೀನ ಯಾವಾಗ ಕಳಿಸ್ತೀಯಾ" ಎಂದು ಕೇಳಿದ. ಜನ ನಕ್ಕರು. ನಗು ಮುಗಿಯುವ ಮೊದಲೇ ಅವನು ನೆಲಕ್ಕೆ ಬಿದ್ದಿದ್ದ. ಜೊತೆಯವರಿಗೆ ಕೈಕಾಲು ಆಡಲಿಲ್ಲ. ಎತ್ತಿಕೊಂಡು ಗಾಡಿಗೆ ಹಾಕಿ ಆಸ್ಪತ್ರೆಗೆ ಓಡಿಸೋಣ ಎಂದು ಗೇಟಿನ ಕಡೆ ಹೊರಟರು.

ಆಟ ನೋಡಲು ಬಂದಿದ್ದ ಒಬ್ಬ ಯುವ ವೈದ್ಯೆ ಗ್ಯಾಲರಿಯಿಂದ ಹಾರಿ ಬಂದು ಅಡ್ಡ ನಿಂತರು. ಬಿಸಿಲಾಘಾತವಾದವನನ್ನು ಮೊದಲು ತಣ್ಣಗೆ ಮಾಡಬೇಕು, ಸಾಗಿಸುವುದು ಆಮೇಲೆ, ದಾರಿಯಲ್ಲಿ ಕಳೆಯುವ ಒಂದೊಂದು ನಿಮಿಷವೂ ಮೆದುಳನ್ನು ಬೇಯಿಸುತ್ತದೆ ಎಂದು ಕೂಗಿದರು. ತಣ್ಣಗೆ ಮಾಡಲು ಐಸು ಎಲ್ಲಿದೆ? ಐಸು ಅಕ್ಕನ ತೊಟ್ಟಿಯಲ್ಲಿತ್ತು. ಪಂದ್ಯ ಗೆದ್ದ ಮೇಲೆ ಕುಡಿಯೋಣ ಎಂದು ಹುಡುಗರು ಅಕ್ಕನನ್ನು ಒಂದು ಮಾತೂ ಕೇಳದೆ ಆಗ ಬಟ್ಟೆ ನೆನೆಸಲು ಬಳಸುತ್ತಿದ್ದ ಈ ಆಳದ ತೊಟ್ಟಿಗೆ ಐಸು ಸುರಿದು ತಂಪು ಪಾನೀಯದ ಬಾಟಲಿ ಹೂತಿಟ್ಟಿದ್ದರು. ಆಗ ತಾನೇ ಅಕ್ಕ ಅದನ್ನು ಕಂಡು ಅವರಿಗೆ ಬೈಯಲು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಿದ್ದರು. ಬೈಗುಳ ಬಾಯಲ್ಲೇ ಉಳಿಯಿತು. ಬಾಟಲಿಗಳನ್ನು ಕೋಣೆಯ ತುಂಬ ಎಸೆದು, ಮೀಸೆಯನ್ನು ಕತ್ತಿನವರೆಗೆ ಐಸಿನಲ್ಲಿ ಕೂರಿಸಿದರು. ತಲೆ ಮುಳುಗದಂತೆ ಹಿಡಿದುಕೊಂಡವರು ಅಕ್ಕ.

"ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಿತ್ತು ಆ ತಲೆ. ಮನುಷ್ಯನ ಮೈ ಅಷ್ಟು ಸುಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎನ್ನುವಾಗ ಅಕ್ಕ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಾರೆ. "ಕಣ್ಣು ಮೇಲಕ್ಕೆ ಹೋಗಿತ್ತು. ಡಾಕ್ಟರಮ್ಮ ನೀರು ಕಲಕ್ತಾನೇ ಇರಿ ಅಂದ್ರು, ಕಲಕ್ದೆ. ಸುಮಾರು ಹೊತ್ತಾದ್ಮೇಲೆ ನಡುಗೋಕೆ ಶುರು ಮಾಡ್ದ. ಸದ್ಯ ಬದುಕ್ದ ಅಂದ್ಕೊಂಡೆ."

ಮೀಸೆ ಬದುಕಿದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಾಯಲ್ಲಿ ಸೋಪಿನ ರುಚಿ ಇತ್ತಂತೆ. ಮೂತ್ರಪಿಂಡ ಸುಧಾರಿಸಿಕೊಳ್ಳಲು ತಿಂಗಳುಗಳೇ ಹಿಡಿದವು, ಆಟ ಅಲ್ಲಿಗೆ ಮುಗಿಯಿತು. ಈಗ ಸಣ್ಣದೊಂದು ಗೂಡ್ಸ್ ಗಾಡಿ ಓಡಿಸುತ್ತಾನೆ. ಪಂದ್ಯದ ದಿನ ನಸುಕಿನಲ್ಲಿ ಐಸ್ ಕಾರ್ಖಾನೆಯಿಂದ ದೊಡ್ಡ ಗಡ್ಡೆಗಳನ್ನು ಗೋಣಿಚೀಲದಲ್ಲಿ ಸುತ್ತಿ ತಂದು, ಮರದ ಕೊಡತಿಯಿಂದ ಒಡೆದು, ತೊಟ್ಟಿ ತುಂಬಿಸಿ ಹೋಗುತ್ತಾನೆ. "ಈ ತೊಟ್ಟಿ ನನ್ನ ಎರಡನೇ ತವರುಮನೆ" ಎಂದು ಅವನು ಹೇಳಿದರೆ, "ಗಂಡಸಿಗೆ ಎಂಥ ತವರುಮನೆಯೋ, ಐಸು ಒಡಿ ಸುಮ್ನೆ" ಎಂದು ಅಕ್ಕ ಗದರುತ್ತಾರೆ. ಈವರೆಗೆ ಇನ್ನೂ ನಾಲ್ಕು ಮಂದಿ ಆ ತೊಟ್ಟಿಯಲ್ಲಿ ಕೂತು ಎದ್ದಿದ್ದಾರೆ, ಎಲ್ಲರೂ ನಡೆದುಕೊಂಡೇ ಮನೆಗೆ ಹೋಗಿದ್ದಾರೆ.

ಆದರೆ ತೊಟ್ಟಿಗೆ ಇಳಿಸುವ ಸ್ಥಿತಿ ಬರದ ಹಾಗೆ ನೋಡಿಕೊಳ್ಳುವುದು ಜಾಣತನ ಎಂದು ಡಾಕ್ಟರಮ್ಮ ಮೈದಾನದ ಅಂಚಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ನಿಲ್ಲಿಸಿದರು. ಬಿಸಿಲು, ಗಾಳಿ, ಗಾಳಿಯಲ್ಲಿರುವ ತೇವ ಮೂರನ್ನೂ ಕೂಡಿಸಿ ಅದು ಒಂದೇ ಅಂಕಿ ತೋರಿಸುತ್ತದೆ. ಅಂಕಿ ಇಂತಿಷ್ಟು ದಾಟಿದರೆ ಆಡಬಾರದು ಎಂದು ಅದರ ಮೇಲೆ ಕೆಂಪು ಗೆರೆ ಎಳೆದರು. ಪಂದ್ಯ ನಡೆಸುವ ಸಂಘದವರು ಅದನ್ನು ಬಹಳ ಮೆಚ್ಚಿಕೊಂಡು, ನಿಯಮ ಎನ್ನುವ ಬದಲು ಸಲಹೆ ಎಂದು ಬರೆದುಕೊಂಡರು.

ಮೊದಲ ಸಲ ಗೆರೆ ದಾಟಿದ ದಿನ ಡಾಕ್ಟರಮ್ಮ ಇಬ್ಬರು ನಾಯಕರನ್ನೂ ಕರೆದು ಕೇಳಿದರು. ಅವನು ಆಡುತ್ತೇನೆಂದರೆ ನಾನೂ ಸಿದ್ಧ ಎಂದು ಇವನು, ಇವನು ಹಿಂದೆ ಸರಿದರೆ ನೋಡೋಣ ಎಂದು ಅವನು. ಇಬ್ಬರಿಗೂ ಒಳಗೊಳಗೇ ಬೇಡವಾಗಿತ್ತು, ಬಾಯಿ ಬಿಡಲು ಇಬ್ಬರೂ ತಯಾರಿಲ್ಲ. ಆಡಿದರು. ಇಬ್ಬರು ವಾಂತಿ ಮಾಡಿಕೊಂಡರು. ಸಂಘದ ಕಾರ್ಯದರ್ಶಿಗಳಿಗೂ ಅದೇ ಪೀಕಲಾಟ. ನಿಲ್ಲಿಸಿದರೆ ಬಹುಮಾನ ಕೊಡಲು ಬಂದ ಅತಿಥಿಗಳು ಮುಖ ಊದಿಸಿಕೊಳ್ಳುತ್ತಾರೆ, ನಿಲ್ಲಿಸದಿದ್ದರೆ ತೊಟ್ಟಿ ತುಂಬುತ್ತದೆ.

ದಾರಿ ಸಿಕ್ಕಿದ್ದು ನಲ್ಲಿಯಿಂದ. ಒಂದು ಭಾನುವಾರ ನೀರೇ ಬರಲಿಲ್ಲ, ಬಂದಾಗ ಬಹಳ ತಡವಾಗಿತ್ತು. ಪಂದ್ಯದ ಹೊತ್ತಿಗೆ ಜೆರ್ಸಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಕಾರ್ಯದರ್ಶಿಗಳ ಬಳಿ ಹೋಗಿ, ಜೆರ್ಸಿ ಇನ್ನೂ ಒಣಗಿಲ್ಲ ಎಂದರು. ಬೈಗುಳಕ್ಕೆ ಬೆನ್ನು ಒಡ್ಡಿಯೇ ಹೋಗಿದ್ದರು. ಆದರೆ ಯಾರೂ ಬೈಯಲಿಲ್ಲ. ಬಟ್ಟೆ ಒದ್ದೆಯಾದರೆ ಏನು ಮಾಡುವುದು ಎಂದು ಪಂದ್ಯವನ್ನು ಸಂಜೆಗೆ ಹಾಕಿದರು. ಆಟಗಾರರು ಗ್ಯಾಲರಿಯ ನೆರಳಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆದರು. ಆ ಮುಖಗಳ ಮೇಲಿನ ನೆಮ್ಮದಿಯನ್ನು ಅಕ್ಕ ಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

ಮುಂದಿನ ಸಲ ಪೆಟ್ಟಿಗೆ ಕೆಂಪು ಗೆರೆ ದಾಟಿದಾಗ ಜೆರ್ಸಿಗಳು ಎಂದೋ ಒಣಗಿ ತಂತಿಯ ಮೇಲೆ ಸೆಟೆದು ನಿಂತಿದ್ದವು. ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಅದೇ ಮಾತು ಹೇಳಿದರು. ಒಂದು ತಂಡದ ನಾಯಕ ತಂತಿಯ ಮೇಲಿನ ತೋಳೊಂದನ್ನು ಮುಟ್ಟಿ ನೋಡಿದ. ಆಚೆ ತಂಡದ ನಾಯಕನ ಮುಖ ನೋಡಿದ. "ಹೌದಲ್ಲ, ಹಸಿ ಹಸಿ ಇದೆ" ಎಂದ. ಅವನೂ ಮುಟ್ಟಿ, "ಇದಂತೂ ಹಿಂಡಿದ್ರೆ ನೀರು ಬರುತ್ತೆ" ಎಂದ. ಅಂದಿನಿಂದ ಅದು ಈ ಮೈದಾನದ ರೂಢಿ. ಕಾರ್ಯದರ್ಶಿಗಳು ಪಂದ್ಯಕ್ಕೆ ಮುಂಚೆ ಕೋಣೆಯ ಬಾಗಿಲಿಗೆ ಬಂದು, "ಏನಕ್ಕಾ, ಜೆರ್ಸಿ?" ಎಂದು ಕೇಳುತ್ತಾರೆ. ಅಕ್ಕ ಪೆಟ್ಟಿಗೆಯತ್ತ ಒಂದು ನೋಟ ಹರಿಸಿ ಉತ್ತರ ಕೊಡುತ್ತಾರೆ. ಒಣಗಿದೆ ಎಂದರೆ ಆಟ, ಒಣಗಿಲ್ಲ ಎಂದರೆ ಸಂಜೆ.

"ಬಿಸಿಲು ಜಾಸ್ತಿ ಅಂದ್ರೆ ಹೇಡಿ ಅಂತಾರೆ. ಬಟ್ಟೆ ಒದ್ದೆ ಅಂದ್ರೆ ಯಾರು ಯಾರಿಗೆ ಏನಂತಾರೆ? ಬೈದ್ರೆ ನನಗೆ ಬೈಲಿ, ಬಟ್ಟೆ ಒಗ್ಯೋಕೂ ಬರಲ್ಲ ಇವ್ಳಿಗೆ ಅಂತ" ಎನ್ನುತ್ತಾರೆ ಅಕ್ಕ. ಡಾಕ್ಟರಮ್ಮನ ಮಾತು ಇನ್ನೂ ಚಿಕ್ಕದು: "ಅಳೆಯೋದು ನನ್ನ ಕೆಲ್ಸ. ನಿಲ್ಸೋದು ನನ್ನ ಕೈಲಿ ಆಗ್ಲಿಲ್ಲ, ಅಕ್ಕ ನಿಲ್ಸಿದ್ರು."

ಹೀಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು, ಹೋದ ತಿಂಗಳ ಫೈನಲ್‌ವರೆಗೆ.

ಹೋದ ತಿಂಗಳು ಹೆಣ್ಣುಮಕ್ಕಳ ಫೈನಲ್ ಬೆಳಗ್ಗೆ ಹತ್ತಕ್ಕೆ ಎಂದು ಗೊತ್ತಾಗಿತ್ತು. ಅತಿಥಿಗಳು ಬೆಳಗ್ಗೆ ಏಳುವುದೇ ತಡವಾಗಿ, ಅದಕ್ಕೇ ಆ ಹೊತ್ತು. ಆಯ್ಕೆಗಾರ್ತಿ ಬರುವ ಸುದ್ದಿಯೂ ಬಂದಿತ್ತು, ಮಧ್ಯಾಹ್ನದ ರೈಲಿಗೆ ಅವರು ಹೋಗಲೇಬೇಕಿತ್ತು. ಹಿಂದಿನ ರಾತ್ರಿ ಬುಗುರಿ ಊಟದ ತಟ್ಟೆಯ ಮುಂದೆ ಕೂತು ಅಮ್ಮನ ಮುಖ ನೋಡದೆ, "ಅಮ್ಮಾ, ನಾಳೆ ಒಂದು ದಿನ ಜೆರ್ಸಿ ಒಣಗಿರ್ಲಿ" ಎಂದಳು. ಅಕ್ಕ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಮರುದಿನ ಒಂಬತ್ತಕ್ಕೇ ಅಂಕಿ ಗೆರೆಯನ್ನು ದಾಟಿ ಬಹಳ ಮೇಲಿತ್ತು. ಬಾಗಿಲಿಗೆ ಬಂದ ಕಾರ್ಯದರ್ಶಿಗಳ ಹಿಂದೆ ಮಗಳು ನಿಂತಿದ್ದಳು. ಅಕ್ಕ ಮಗಳ ಕಡೆ ತಿರುಗಲಿಲ್ಲ. ಒಣಗಿಲ್ಲ ಎಂದರು. ಆಯ್ಕೆಗಾರ್ತಿ ಗಡಿಯಾರ ನೋಡಿಕೊಂಡು ಎದ್ದು ಹೋದರು. ಸಂಜೆಯ ಆಟದಲ್ಲಿ ಬುಗುರಿ ಎರಡು ಗೋಲು ಹೊಡೆದಳು, ನೋಡಬೇಕಾದವರು ಆ ಹೊತ್ತಿಗೆ ರೈಲಿನಲ್ಲಿದ್ದರು.

ಆ ರಾತ್ರಿ ಮಗಳು ಆಡಿದ ಮಾತು ಅಕ್ಕನಿಗೆ ಬಾಯಿಪಾಠವಾಗಿದೆ. "ಬೇರೆ ಅಮ್ಮಂದಿರು ಮಕ್ಕಳಿಗೋಸ್ಕರ ಸುಳ್ಳು ಹೇಳ್ತಾರೆ. ನೀನು ಇಡೀ ಊರಿಗೋಸ್ಕರ ಸುಳ್ಳು ಹೇಳ್ತೀಯ, ನನಗೋಸ್ಕರ ಒಂದು ನಿಜ ಹೇಳೋಕಾಗ್ಲಿಲ್ವಾ? ಜೆರ್ಸಿ ಒಣಗಿತ್ತಲ್ಲಮ್ಮಾ!" ಆಮೇಲೆ ವಾರಗಟ್ಟಲೆ ಮಾತಿಲ್ಲ. ಮನೆಯಲ್ಲಿ ಎಲ್ಲ ವ್ಯವಹಾರ ಅಪ್ಪನ ಮೂಲಕ. "ಅಪ್ಪಾ, ನಿನ್ನ ಹೆಂಡ್ತಿಗೆ ಹೇಳು, ಸೋಪು ಮುಗಿದಿದೆ." "ನಿಮ್ಮ ಮಗಳಿಗೆ ಹೇಳಿ, ಅಟ್ಟದ ಮೇಲಿದೆ." ಇಬ್ಬರ ನಡುವೆ ಕೂತ ಅಪ್ಪ ಡಿಪೋದ ಕೆಲಸವೇ ವಾಸಿ ಎಂದುಕೊಂಡು ರಜೆಯ ದಿನವೂ ಕೆಲಸಕ್ಕೆ ಹೋದರು.

"ನಾನು ಮಾಡಿದ್ದು ಸರೀನೇ. ಮೀಸೆ ತಲೆ ಹಿಡ್ಕೊಂಡಿದ್ದ ಕೈಯಿದು, ಆ ಜಾಗದಲ್ಲಿ ನನ್ನ ಮಗಳ ತಲೆ ನೆನೆಸ್ಕೊಂಡ್ರೆ ಜೀವ ಬಾಯಿಗೆ ಬರುತ್ತೆ" ಎನ್ನುತ್ತಾರೆ ಅಕ್ಕ. ಒಂದು ಕಾಲುಚೀಲ ಹಿಂಡಿ ಕೊಡವಿ, "ಆದ್ರೆ ಸರಿಯಾದದ್ದು ಮಾಡಿದ್ಮೇಲೂ ಇಷ್ಟು ಸಂಕಟ ಆಗುತ್ತೆ ಅಂತ ಯಾರೂ ಹೇಳಿರ್ಲಿಲ್ಲ ನೋಡಿ" ಎಂದು ಸೇರಿಸುತ್ತಾರೆ.

ಇವತ್ತು ಆ ಆಯ್ಕೆಗಾರ್ತಿ ಮತ್ತೆ ಬಂದಿದ್ದಾರೆ. ಕೊಡೆ, ನೀರಿನ ಬಾಟಲಿ, ಕೊರಳಲ್ಲಿ ಸೀಟಿ. ಇವತ್ತೂ ಮಧ್ಯಾಹ್ನದ ರೈಲು. ಎಂಟು ಗಂಟೆಯವರೆಗೆ ಒಳ್ಳೆಯ ಗಾಳಿಯಿದೆ, ತಂತಿಯ ಮೇಲೆ ಜೆರ್ಸಿಗಳು ಪಟಪಟ ಬಡಿದುಕೊಳ್ಳುತ್ತಿವೆ. ಅಕ್ಕ ಐದು ನಿಮಿಷಕ್ಕೊಮ್ಮೆ ಪೆಟ್ಟಿಗೆಯ ಹತ್ತಿರ ಹೋಗಿ ಬರುತ್ತಾರೆ. ಅಂಕಿ ಗೆರೆಯ ಕೆಳಗಿದೆ. ತೊಟ್ಟಿಗೆ ಐಸು ತುಂಬಿಸುತ್ತಿರುವ ಮೀಸೆ, "ಅಕ್ಕಾ, ಇವತ್ತು ದೇವ್ರು ನಿನ್ನ ಕಡೆ ಇದಾನೆ" ಎನ್ನುತ್ತಾನೆ. ಅಕ್ಕ ಮೊದಲ ಬಾರಿಗೆ ಬಾಯಿಂದ ಕ್ಲಿಪ್ಪು ತೆಗೆದು ನಗುತ್ತಾರೆ. ಎಂಟನೇ ನಂಬರಿನ ಜೆರ್ಸಿಯನ್ನು ತಂತಿಯಿಂದ ತೆಗೆದು, ಮಡಿಕೆ ಮೂಡುವ ಹಾಗೆ ಅಂಗೈಯಲ್ಲಿ ಒತ್ತಿ ಒತ್ತಿ ಮಡಚುತ್ತಾರೆ.

ಒಂಬತ್ತರ ಹೊತ್ತಿಗೆ ಗಾಳಿ ನಿಲ್ಲುತ್ತದೆ. ತಂತಿಯ ಮೇಲೆ ಉಳಿದ ಜೆರ್ಸಿಗಳು ಅಲುಗದೆ ತೂಗುತ್ತವೆ. ಹುಲ್ಲಿನಿಂದ ಬಿಸಿ ಮೇಲೇಳುವುದು ಕಾಲಿಗೇ ತಿಳಿಯುತ್ತದೆ. ಪೆಟ್ಟಿಗೆಯ ಬಳಿ ಬಗ್ಗಿ ನಿಂತಿದ್ದ ಡಾಕ್ಟರಮ್ಮ ನೆಟ್ಟಗಾಗಿ ಅಕ್ಕನ ಕಡೆ ನೋಡುತ್ತಾರೆ. ಗೆರೆ ದಾಟಿದೆ.

ಕಾರ್ಯದರ್ಶಿಗಳು ಬಾಗಿಲಿಗೆ ಬರುತ್ತಾರೆ. ಅವರಿಗೂ ವಿಷಯ ಗೊತ್ತು, ಹೋದ ತಿಂಗಳದ್ದೂ ಗೊತ್ತು. ಒಮ್ಮೆ ಕೆಮ್ಮಿ, ಎಂದಿಗಿಂತ ಮೆತ್ತಗೆ ಕೇಳುತ್ತಾರೆ. "ಏನಕ್ಕಾ, ಜೆರ್ಸಿ?"

ಎರಡೂ ತಂಡದ ಹುಡುಗಿಯರು ಸುತ್ತ ನಿಂತಿದ್ದಾರೆ. ಕೊಡೆ ಹಿಡಿದ ಆಯ್ಕೆಗಾರ್ತಿಯೂ ಏನಾಯಿತೆಂದು ಹತ್ತಿರ ಬಂದಿದ್ದಾರೆ. ಅಕ್ಕನ ಕೈಯಲ್ಲಿ ಮಡಚಿದ ಎಂಟನೇ ನಂಬರು. ಅಕ್ಕ ಅದರ ಮಡಿಕೆಯನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ತೀಡುತ್ತಾರೆ. ಒಣಗಿದೆ ಎನ್ನಲು ಆಗುವುದಿಲ್ಲ. ಒಣಗಿಲ್ಲ ಎಂದು ಎರಡನೇ ಸಲ ಹೇಳಿ ಅದೇ ಮಗಳ ಅದೇ ಅವಕಾಶವನ್ನು ಕಿತ್ತುಕೊಳ್ಳಲೂ ಆಗುವುದಿಲ್ಲ.

ಗುಂಪನ್ನು ಸರಿಸಿಕೊಂಡು ಬುಗುರಿ ಮುಂದೆ ಬರುತ್ತಾಳೆ. ಬೂಟು ಕಟ್ಟಿ, ಕೂದಲು ಬಿಗಿದು, ಜೆರ್ಸಿಯೊಂದು ಬಿಟ್ಟು ಎಲ್ಲದಕ್ಕೂ ತಯಾರಾಗಿದ್ದಾಳೆ. ಪೆಟ್ಟಿಗೆಯ ಕಡೆ ನೋಡುತ್ತಾಳೆ, ಎದುರು ತಂಡದ ಹುಡುಗಿಯರ ಕೆಂಪು ಕಣ್ಣು ನೋಡುತ್ತಾಳೆ. ಅಮ್ಮನ ಕೈಯಿಂದ ಜೆರ್ಸಿ ತೆಗೆದುಕೊಂಡು ಬಿಡಿಸಿ ಬೆರಳಲ್ಲಿ ಉಜ್ಜಿ ನೋಡುತ್ತಾಳೆ. ಕಾಗದದ ಸದ್ದು ಬರುವಷ್ಟು ಒಣಗಿದೆ.

"ಇಲ್ಲ ಸರ್, ಜೆರ್ಸಿ ಇನ್ನೂ ಒಣಗಿಲ್ಲ" ಎನ್ನುತ್ತಾಳೆ.

ಆಯ್ಕೆಗಾರ್ತಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳುತ್ತಾರೆ. "ಎಷ್ಟೊತ್ತಿಗೆ ಒಣಗುತ್ತಮ್ಮಾ?"

"ಬಿಸಿಲು ಇಳಿದ್ಮೇಲೆ ಮೇಡಂ."

ಮೊದಲು ಮೀಸೆ ನಗುತ್ತಾನೆ, ಆಮೇಲೆ ಎದುರು ತಂಡದ ಗೋಲ್‌ಕೀಪರು, ಆಮೇಲೆ ಎಲ್ಲರೂ. ಕಾರ್ಯದರ್ಶಿಗಳು ಒಂದು ತೋಳನ್ನು ಮುಟ್ಟಿ, "ಹೌದಪ್ಪಾ, ತಣ್ಣಗೆ ಕೊರೀತಾ ಇದೆ" ಎಂದು ಹೇಳಿ ಪಂದ್ಯ ಸಂಜೆಗೆ ಎಂದು ಸಾರುತ್ತಾರೆ. ಆಯ್ಕೆಗಾರ್ತಿ ಮಾತ್ರ ನಗುವುದಿಲ್ಲ. ಗ್ಯಾಲರಿಯ ನೆರಳಿನವರೆಗೆ ನಡೆದು ಹೋಗಿ ಕೊಡೆ ಮಡಚಿ, ಫೋನ್ ತೆಗೆದು ಯಾರೊಂದಿಗೋ ಮಾತಿಗೆ ತೊಡಗುತ್ತಾರೆ. ರೈಲಿನ ವಿಷಯವೋ ಬೇರೆಯೋ, ಕೋಣೆಯವರೆಗೆ ಕೇಳಿಸುವುದಿಲ್ಲ.

ಬುಗುರಿ ಜೆರ್ಸಿಯನ್ನು ಅಮ್ಮನ ಹೆಗಲ ಮೇಲೆ ಹಾಕುತ್ತಾಳೆ. "ಅಮ್ಮಾ, ಹಸಿವಾಗ್ತಿದೆ" ಎನ್ನುತ್ತಾಳೆ. ಅಪ್ಪನ ಮೂಲಕವಲ್ಲದೆ ನೇರವಾಗಿ ಬಂದ ಮಾತು, ಒಂದು ತಿಂಗಳಲ್ಲಿ ಇದೇ ಮೊದಲನೆಯದು. ಡಬ್ಬಿ ಕಿಟಕಿಯ ಹತ್ತಿರ ಇದೆ ಎಂದು ಅಕ್ಕ ಹೇಳುತ್ತಾರೆ, ಸೋಪಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಳ್ಳುತ್ತಾರೆ.

ನಿಮಗೇನು ಬೇಕು ಎಂದು ಅಕ್ಕನನ್ನು ಕೇಳಿದರೆ ಉತ್ತರ ದೊಡ್ಡದೇನಲ್ಲ. ಪಂದ್ಯಗಳನ್ನೆಲ್ಲ ಬೆಳಗ್ಗೆ ಆರಕ್ಕೋ ಸಂಜೆ ಐದರ ಮೇಲೋ ಇಟ್ಟುಬಿಡಲಿ, ತಾನು ನಿಜ ಹೇಳಿಕೊಂಡು ಬಟ್ಟೆ ಒಗೆಯುತ್ತೇನೆ ಎನ್ನುತ್ತಾರೆ. ಹಾಗೆನ್ನುತ್ತಲೇ ತಲೆ ಬಗ್ಗಿಸಿ ಕೋಣೆಯೊಳಗೆ ಹೋಗುತ್ತಾರೆ. ಹೆಗಲ ಮೇಲಿದ್ದ ಎಂಟನೇ ನಂಬರಿನ ಜೆರ್ಸಿಯನ್ನು, ಗರಿಗರಿಯಾಗಿ ಒಣಗಿ ಮಡಿಕೆ ಮೂಡಿದ್ದ ಆ ಜೆರ್ಸಿಯನ್ನು, ನೀರಿನ ಬಕೆಟ್ಟಿನಲ್ಲಿ ಪೂರ್ತಿ ಅದ್ದುತ್ತಾರೆ. ಹಿಂಡದೆ ಹಾಗೆಯೇ ಹೊರಗೆ ತಂದು, ಆಯ್ಕೆಗಾರ್ತಿಗೆ ಕಾಣುವ ತಂತಿಯ ಮೇಲೆ ಹರವುತ್ತಾರೆ. ನೀರು ಧಾರೆಯಾಗಿ ನೆಲಕ್ಕೆ ಸುರಿಯುತ್ತದೆ.

ಒಣಗಿದ್ದನ್ನು ಯಾಕಕ್ಕಾ ಮತ್ತೆ ನೆನೆಸಿದೆ ಎಂದು ಮೀಸೆ ಕೇಳುತ್ತಾನೆ.

"ನಾನು ಹೇಳಿದ್ರೆ ಪರವಾಗಿಲ್ಲ" ಎನ್ನುತ್ತಾರೆ ಅಕ್ಕ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು. "ನನ್ನ ಮಗಳು ಸುಳ್ಳು ಹೇಳಿದ್ಲು ಅಂತ ಯಾರೂ ಅನ್ಬಾರ್ದು ನೋಡು."